ಗಾಳಿಯಂತ್ರದ ಹೊಸ ವಿನ್ಯಾಸ: ಮುಚ್ಚಿ ತೆರೆಯುವ ಬಾಗಿಲಿನ ಲಂಬ ಚಕ್ರ ಪಂಪಿಗೂ ಗಿರಣಿಗೂ ಸಾಕೇ?

ಗಿರಿಗಿಟ್ಲೆ · #1
ಕರೆಂಟ್ ತಯಾರಿಸೋ ಉದ್ದೇಶ ಇಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಗಾಳಿಯಿಂದ ನೇರವಾಗಿ ಶಾಫ್ಟ್ ತಿರುಗಬೇಕು, ಅದರಿಂದ ನೀರೆತ್ತಬೇಕು, ಸಾಧ್ಯವಾದರೆ ಹಿಟ್ಟಿನ ಕಲ್ಲನ್ನೂ ಓಡಿಸಬೇಕು.

ವಿನ್ಯಾಸ ಹೀಗಿದೆ: ನಡುವೆ ನೆಟ್ಟಗೆ ನಿಂತ ಶಾಫ್ಟ್, ಅದಕ್ಕೆ ನಾಲ್ಕು ತೋಳು. ಪ್ರತಿ ತೋಳಿನಲ್ಲಿ 3 ಮೀ. ಎತ್ತರ, 1.5 ಮೀ. ಅಗಲದ ತಗಡಿನ ಬಾಗಿಲು. ಬಾಗಿಲು ಶುರುವಾಗೋದು ಶಾಫ್ಟಿನಿಂದ 30 ಸೆಂ.ಮೀ. ದೂರದಲ್ಲಿ. ಗಾಳಿಯ ಜೊತೆ ಹೋಗುವಾಗ ಬಾಗಿಲು ಮುಚ್ಚಿಕೊಂಡು ತಳ್ಳಿಸಿಕೊಳ್ಳುತ್ತೆ, ಗಾಳಿಗೆ ಎದುರಾಗಿ ವಾಪಸ್ ಬರುವಾಗ ತೆರೆದುಕೊಂಡು ಗಾಳಿಯನ್ನ ಬಿಟ್ಟುಕೊಡುತ್ತೆ. ಚಕ್ರವನ್ನ ಗಾಳಿಯ ಕಡೆ ತಿರುಗಿಸೋ ಬಾಲ ಬೇಡ, ಯಾವ ದಿಕ್ಕಿನ ಗಾಳಿಯಾದರೂ ಸರಿ, ಗೇರು ಪಂಪು ಎಲ್ಲ ನೆಲದ ಮೇಲೇ ಇರುತ್ತೆ.

ಗಾಳಿ ಸರಾಸರಿ ಸೆಕೆಂಡಿಗೆ 4ರಿಂದ 5 ಮೀ. ನೀರು 20 ಮೀ. ಆಳದಲ್ಲಿ. ಪಿಸ್ಟನ್ ಪಂಪ್, ವ್ಯಾಸ 75 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಒಂದು ಸಲ ಓಡಾಡೋ ದೂರ) 150 ಮಿ.ಮೀ. ಎಷ್ಟು ಶಕ್ತಿ ಸಿಗಬಹುದು? ಸುತ್ತ ಆಲಿಕೆ ಥರ ಗೋಡೆ ಕಟ್ಟಿದರೆ ಎರಡರಷ್ಟಾಗುತ್ತಾ?

ಸುಳಿಗಾಳಿ · #2
ಹೊಸದು ಅನ್ನೋ ಮಾತು ಮಾತ್ರ ಬಿಟ್ಟುಬಿಡಿ. ಪರ್ಷಿಯಾದ ಸೀಸ್ತಾನ್ ಕಡೆ ಹತ್ತನೇ ಶತಮಾನದ ಹೊತ್ತಿಗೇ ಲಂಬ ಶಾಫ್ಟಿನ ಗಿರಣಿಗಳು ಓಡ್ತಿದ್ದವು. ಅವರು ಬಾಗಿಲಿನ ತಂಟೆಗೇ ಹೋಗಲಿಲ್ಲ, ವಾಪಸ್ ಬರೋ ಅರ್ಧಕ್ಕೆ ಮಣ್ಣಿನ ಗೋಡೆ ಅಡ್ಡ ಕಟ್ಟಿದರು. ಅಲ್ಲಿ ಗಾಳಿ ತಿಂಗಳುಗಟ್ಟಲೆ ಒಂದೇ ದಿಕ್ಕಿನಿಂದ ಬೀಸುತ್ತೆ, ಹಾಗಾಗಿ ನಡೀತು.

ಲೆಕ್ಕದವಳು · #3
ಲೆಕ್ಕ ಹಾಕೋಣ. ಗಾಳಿ ಸೆಕೆಂಡಿಗೆ 5 ಮೀ. ಅಂತ ಇಟ್ಟುಕೊಳ್ಳಿ, ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕೆ.ಜಿ.

ಒಂದು ಬಾಗಿಲಿನ ವಿಸ್ತೀರ್ಣ 4.5 ಚ.ಮೀ. ಅಷ್ಟು ಜಾಗದಲ್ಲಿ ಹಾಯುವ ಗಾಳಿಯ ಶಕ್ತಿ ಅರ್ಧ × 1.2 × 4.5 × 125, ಅಂದರೆ 337 ವ್ಯಾಟ್. ಬರೀ ತಳ್ಳಿಸಿಕೊಳ್ಳೋ ಹಾಳೆಗೆ ಒಂದು ಮಿತಿ ಇದೆ. ಹಾಳೆ ನಿಂತೇ ಇದ್ದರೆ ಬಲ ಇದೆ, ಚಲನೆ ಇಲ್ಲ. ಗಾಳಿಯಷ್ಟೇ ವೇಗದಲ್ಲಿ ಓಡಿದರೆ ಚಲನೆ ಇದೆ, ಬಲ ಇಲ್ಲ. ಎರಡರ ಗುಣಲಬ್ಧ ಅತಿ ಹೆಚ್ಚಾಗೋದು ಹಾಳೆ ಗಾಳಿಯ ಮೂರನೇ ಒಂದು ವೇಗದಲ್ಲಿ ಹೋಗುವಾಗ. ಆಗ ಸಿಗೋದು 4/27 ಗುಣಿಸು ಹಾಳೆಯ ತಡೆ ಗುಣಾಂಕ (ಸುಮಾರು 1.2), ಅಂದರೆ ಶೇ. 18ಕ್ಕಿಂತ ಸ್ವಲ್ಪ ಕಡಿಮೆ. 337ರಲ್ಲಿ 60 ವ್ಯಾಟ್.

ಇದು ಆದರ್ಶ ಲೆಕ್ಕ. ತೆರೆದ ಬಾಗಿಲುಗಳು ಗಾಳಿಗೆ ಎದುರಾಗಿ ಬರುವಾಗಿನ ತಡೆ, ತೋಳುಗಳ ತಡೆ, ಬಾಗಿಲು ಅರ್ಧ ಮುಚ್ಚಿದ ಹೊತ್ತಿನ ನಷ್ಟ ಎಲ್ಲ ಕಳೆದರೆ 30-35 ವ್ಯಾಟ್ ಉಳಿದರೆ ಪುಣ್ಯ.

ಈಗ 3 ಮೀ. ವ್ಯಾಸದ ಸಾಧಾರಣ ಬಹುರೆಕ್ಕೆ ಚಕ್ರ ತಗೊಳ್ಳಿ. ವಿಸ್ತೀರ್ಣ 7.07 ಚ.ಮೀ., ಹಾಯುವ ಶಕ್ತಿ 530 ವ್ಯಾಟ್. ಶೇ. 30 ಹಿಡಿದರೂ 159 ವ್ಯಾಟ್ ಶಾಫ್ಟಿಗೆ ಬರುತ್ತೆ. ನಿಮ್ಮದಕ್ಕೆ ನಾಲ್ಕು ಬಾಗಿಲಿಗೆ 18 ಚ.ಮೀ. ತಗಡು, ಆ ಚಕ್ರಕ್ಕೆ ಐದೂವರೆ ಚ.ಮೀ. ಒಳಗೇ ಮುಗಿಯುತ್ತೆ. ಮೂರು ಪಟ್ಟು ತಗಡು, ಐದನೇ ಒಂದು ಪಾಲು ಕೆಲಸ.

ಗಿರಿಗಿಟ್ಲೆ · #4
ಶಕ್ತಿ ಕಡಿಮೆ ಅನ್ನೋದು ಒಪ್ಪಿದೆ ಮೇಡಂ. ಆದರೆ ನನಗೆ ಬೇಕಿರೋದು ಟಾರ್ಕ್, ಅಂದರೆ ಶಾಫ್ಟನ್ನ ತಿರುಗಿಸೋ ಬಲ. ನಿಧಾನ ತಿರುಗುತ್ತೆ ಅಂದಮೇಲೆ ಟಾರ್ಕ್ ಜಾಸ್ತಿ ಇರಲೇಬೇಕಲ್ಲ?

ಲೆಕ್ಕದವಳು · #5
ಇರಲೇಬೇಕು ಅಂತೇನಿಲ್ಲ. ನಿಮ್ಮ ಬಾಗಿಲಿನ ನಡುಭಾಗ ಶಾಫ್ಟಿನಿಂದ 1.05 ಮೀ. ದೂರ. ಅಲ್ಲಿ ವೇಗ ಸೆಕೆಂಡಿಗೆ 1.67 ಮೀ. ಅಂದರೆ ನಿಮಿಷಕ್ಕೆ 15 ಸುತ್ತು. 35 ವ್ಯಾಟನ್ನ ಆ ವೇಗದಿಂದ ಭಾಗಿಸಿದರೆ 22 ನ್ಯೂಟನ್ ಮೀಟರ್. ಬಹುರೆಕ್ಕೆ ಚಕ್ರದ್ದು ನಿಮಿಷಕ್ಕೆ 32 ಸುತ್ತಿನಲ್ಲಿ 159 ವ್ಯಾಟ್, ಅಂದರೆ 48 ನ್ಯೂಟನ್ ಮೀಟರ್. ಎರಡು ಪಟ್ಟು ವೇಗ, ಟಾರ್ಕೂ ಎರಡು ಪಟ್ಟು.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ: ನಿಂತಲ್ಲಿಂದ ಹೊರಡುವಾಗ ನಿಮ್ಮ ಬಾಗಿಲು ಬಲಶಾಲಿಯೇ. 81 ನ್ಯೂಟನ್ ಬಲ, 1.05 ಮೀ. ತೋಳು, ಒಟ್ಟು 85 ನ್ಯೂಟನ್ ಮೀಟರ್ ಹತ್ತಿರ. ವಾಪಸ್ ಬರೋ ಕಡೆಯ ತಡೆ ಕಳೆದರೂ ಚೆನ್ನಾಗೇ ಹೊರಡುತ್ತೆ. ಆದರೆ ಹೊರಟ ಕೂಡಲೇ ಬೀಳೋಕೆ ಶುರು.

ಬೇರಿಂಗ್‌ಭಟ್ಟ · #6
ಲೆಕ್ಕ ಒಂದು ಕಡೆ ಇರಲಿ, ಆ ಬಾಗಿಲಿನ ಕೀಲುಗಳ ಗತಿ ಏನು? ನಿಮಿಷಕ್ಕೆ 15 ಸುತ್ತು, ನಾಲ್ಕು ಬಾಗಿಲು, ನಿಮಿಷಕ್ಕೆ 60 ಸಲ ದಡ್ ದಡ್. ದಿನಕ್ಕೆ 86,400. ತಗಡು ಬಡಿಯೋ ಜಾಗಕ್ಕೆ ರಬ್ಬರ್ ಅಂಟಿಸಿದರೂ ಕೀಲಿನ ಪಿನ್ನು ತೂತನ್ನ ಅಂಡಾಕಾರ ಮಾಡುತ್ತೆ. ಆಮೇಲೆ ಬಾಗಿಲು ಸೊಟ್ಟಗೆ ಜೋತುಬಿದ್ದು ತೋಳಿಗೆ ತಗಲುತ್ತೆ.

ಇನ್ನೊಂದು, ಬಿರುಗಾಳಿಗೆ ಇದನ್ನ ನಿಲ್ಲಿಸೋದು ಹೇಗೆ? ಬಾಲದ ಯಂತ್ರವಾದರೆ ಮುಖ ತಿರುಗಿಸಿಕೊಳ್ಳುತ್ತೆ. ಇದಕ್ಕೆ ಮುಖವೇ ಇಲ್ಲ. ಬ್ರೇಕ್ ಹಾಕಿ ಹಿಡಿದರೂ 4.5 ಚ.ಮೀ. ಹಾಳೆ ಗಾಳಿಗೆ ಒಡ್ಡಿಕೊಂಡೇ ಇರುತ್ತೆ. ಪ್ರತಿ ಬಾಗಿಲಿಗೂ ಬಿಚ್ಚುವ ಕೊಂಡಿ ಇಡಬೇಕು, ಗಾಳಿ ಎದ್ದಾಗ ಯಾರಾದರೂ ಹೋಗಿ ನಾಲ್ಕನ್ನೂ ಬಿಚ್ಚಬೇಕು.

ನೀರೆತ್ತು · #7
ಡ್ರಮ್ ಸೀಳಿ ಮಾಡ್ತಾರಲ್ಲ, ಸವೋನಿಯಸ್ ಅನ್ನೋ ಲಂಬ ಚಕ್ರ, ಅದಾದರೆ ಬಾಗಿಲೂ ಇಲ್ಲ ಕೀಲೂ ಇಲ್ಲ. ಅದು ಆಗಲ್ವಾ?

ಲೆಕ್ಕದವಳು · #8
200 ಲೀಟರಿನ ಒಂದು ಡ್ರಮ್ ಸೀಳಿ ಎರಡು ಅರ್ಧ ಜೋಡಿಸಿದರೆ ಗಾಳಿಗೆ ಸಿಗೋದು ಸುಮಾರು 0.9 ಚ.ಮೀ. 5 ಮೀ. ಗಾಳಿಗೆ ಶೇ. 15 ಹಿಡಿದರೆ 10 ವ್ಯಾಟ್. ಒಂದರ ಮೇಲೊಂದು ಮೂರು ಪೇರಿಸಿದರೆ 30. ಅಷ್ಟು ಕಬ್ಬಿಣಕ್ಕೆ ಅಷ್ಟೇ.

ಸುಳಿಗಾಳಿ · #9
ಆಲಿಕೆ ಗೋಡೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಗಾಳಿ ನೀರಿನ ಪೈಪಲ್ಲ, ಆಲಿಕೆಯ ಬಾಯಿಗೆ ಬಂದದ್ದೆಲ್ಲ ಒಳಗೆ ನುಗ್ಗಲೇಬೇಕು ಅಂತಿಲ್ಲ. ಒಳಗೆ ಒತ್ತಡ ಏರಿದ ಕೂಡಲೇ ಗೋಡೆಯ ಪಕ್ಕದಿಂದ ಜಾರಿಕೊಂಡು ಹೋಗುತ್ತೆ. ಸ್ವಲ್ಪ ಲಾಭ ಇದೆ, ಆದರೆ ಅದೇ ಸಾಮಾನಿನಲ್ಲಿ ಚಕ್ರದ ವ್ಯಾಸವನ್ನೇ ದೊಡ್ಡದು ಮಾಡಿದರೆ ಹೆಚ್ಚು ಸಿಗುತ್ತೆ. ವ್ಯಾಸ 3ರಿಂದ 3.6 ಮೀ. ಆದರೆ ವಿಸ್ತೀರ್ಣ ಶೇ. 44 ಜಾಸ್ತಿ. ಮೇಲಾಗಿ ಗೋಡೆಗೆ ಬಿರುಗಾಳಿಯಲ್ಲಿ ಬೀಳೋ ಹೊರೆ ನೆನೆಸಿಕೊಳ್ಳಿ.

ಹಳೇಕ್ರ್ಯಾಂಕ್ · #10
ಎಲ್ಲರೂ ರೆಕ್ಕೆ ರೆಕ್ಕೆ ಅಂತ ಒದ್ದಾಡ್ತಿದ್ದೀರಿ. ಗಾಳಿಯಂತ್ರದಲ್ಲಿ ಸುಧಾರಣೆಗೆ ಜಾಗ ಇರೋದು ರೆಕ್ಕೆಯಲ್ಲಲ್ಲ, ರೆಕ್ಕೆಗೂ ಪಂಪಿಗೂ ನಡುವೆ.

ಮೊದಲ ಪೋಸ್ಟಿನ ಪಂಪನ್ನೇ ನೋಡಿ. 75 ಮಿ.ಮೀ. ಪಿಸ್ಟನ್ ಮೇಲೆ 20 ಮೀ. ನೀರಿನ ಕಂಬ: 867 ನ್ಯೂಟನ್, ಅಂದರೆ 88 ಕೆ.ಜಿ. ತೂಕ. ಸ್ಟ್ರೋಕ್ 150 ಅಂದರೆ ಕ್ರ್ಯಾಂಕ್ (ಚಕ್ರದ ತಿರುಗಾಟವನ್ನ ರಾಡಿನ ಮೇಲೆ-ಕೆಳಗೆ ಓಡಾಟ ಮಾಡೋ ಭಾಗ) ತೋಳು 75 ಮಿ.ಮೀ. ಕ್ರ್ಯಾಂಕ್ ಅಡ್ಡಕ್ಕೆ ಬಂದಾಗ ಬೇಕಾದ ಟಾರ್ಕ್ 65 ನ್ಯೂಟನ್ ಮೀಟರ್. ಆದರೆ ಪಿಸ್ಟನ್ ಕೆಳಗಿಳಿಯುವಾಗ ಹೊರೆಯೇ ಇಲ್ಲ. ಇಡೀ ಸುತ್ತಿನ ಸರಾಸರಿ ತೆಗೆದರೆ 20.7 ಮಾತ್ರ. ಗರಿಷ್ಠಕ್ಕೂ ಸರಾಸರಿಗೂ ಸರಿಯಾಗಿ ಪೈ ಪಟ್ಟು ವ್ಯತ್ಯಾಸ, 3.14.

ಇದರ ಪರಿಣಾಮ ನೋಡಿ. 3 ಮೀ. ಚಕ್ರದ ಟಾರ್ಕ್ ಸುಮಾರು 1.9 ಗುಣಿಸು ಗಾಳಿವೇಗದ ವರ್ಗ. ತಿರುಗ್ತಾ ಇರೋ ಚಕ್ರಕ್ಕೆ ತನ್ನ ತೂಕದ ಓಘ ಇರುತ್ತೆ, ಸರಾಸರಿ ಸಿಕ್ಕರೆ ಸಾಕು, 3.3 ಮೀ. ಗಾಳಿಯವರೆಗೂ ಓಡುತ್ತೆ. ನಿಂತ ಚಕ್ರಕ್ಕೆ ಮಾತ್ರ ಗರಿಷ್ಠವೇ ಬೇಕು, 5.8 ಮೀ. ಗಾಳಿ ಬರೋವರೆಗೂ ಹೊರಡಲ್ಲ. ಸರಾಸರಿ 4 ಮೀ. ಇರೋ ಜಾಗದಲ್ಲಿ ಒಮ್ಮೆ ನಿಂತರೆ ಗಂಟೆಗಟ್ಟಲೆ ನಿಂತೇ ಇರುತ್ತೆ. ನೋಡೋರು ರೆಕ್ಕೆ ಸರಿಯಿಲ್ಲ ಅಂತಾರೆ.

ಇದಕ್ಕೆ ಪಂಪ್ ರಾಡಿನ ತೂಕ ಬೇರೆ. 12 ಮಿ.ಮೀ. ಕಬ್ಬಿಣದ ರಾಡ್ ಮೀಟರಿಗೆ 0.89 ಕೆ.ಜಿ., 20 ಮೀಟರಿಗೆ 18 ಕೆ.ಜಿ. ಹತ್ತಿರ. ಗರಿಷ್ಠ 78ಕ್ಕೆ ಏರುತ್ತೆ.

ಮೂರೂವರೆ · #11
ಹಳೇಕ್ರ್ಯಾಂಕ್ ಸರ್, ಒಂದು ತಿದ್ದುಪಡಿ. ನೀವು ತಿರುಗುವ ಚಕ್ರದ ಟಾರ್ಕ್ ಗುಣಾಂಕ 0.3 ಹಿಡಿದಿದ್ದೀರಿ, ನಿಮ್ಮ 1.9 ಬಂದದ್ದು ಅದರಿಂದಲೇ. ತುದಿವೇಗದ ಅನುಪಾತ 1 ಇರೋ, ಅಂದರೆ ರೆಕ್ಕೆಯ ತುದಿ ಗಾಳಿಯಷ್ಟೇ ವೇಗದಲ್ಲಿ ಓಡೋ ಚಕ್ರ ನಿಂತಾಗ ಅದಕ್ಕಿಂತ ಹೆಚ್ಚೇ ಕೊಡುತ್ತೆ. ಅಂದಾಜು ಸೂತ್ರ: 0.5 ಭಾಗಿಸು ಅನುಪಾತದ ವರ್ಗ. ಅನುಪಾತ 1 ಆದರೆ 0.5. ಹಾಗಾದರೆ 65ಕ್ಕೆ 4.5 ಮೀ. ಗಾಳಿ ಸಾಕು, ರಾಡಿನ ತೂಕ ಸೇರಿದರೆ 5.

ಹಳೇಕ್ರ್ಯಾಂಕ್ · #12
ಸೂತ್ರ ಸರಿ. ಆದರೆ ಅದು ಹೊಸ ಬೇರಿಂಗು, ಹೊಸ ವಾಷರು, ನಯವಾದ ಹಾಳೆಯ ಲೆಕ್ಕ. ಒಣಗಿ ಬಿಗಿದ ಚರ್ಮದ ವಾಷರ್ ಬಿಡಿಸಿಕೊಂಡು ಹೊರಡೋಕೆ ಬೇಕಾದ್ದು ಅದರಲ್ಲಿಲ್ಲ. ನಾನು 0.3 ಇಟ್ಟುಕೊಂಡೇ ವಿನ್ಯಾಸ ಮಾಡು ಅಂತೀನಿ. ಅದಕ್ಕಿಂತ ಬೇಗ ಹೊರಟರೆ ಲಾಭವೇ.

ನೀರೆತ್ತು · #13
ಹಾಗಾದರೆ ಚಿಕ್ಕ ಪಿಸ್ಟನ್ ಹಾಕಿದರಾಯ್ತಲ್ಲ.

ಹಳೇಕ್ರ್ಯಾಂಕ್ · #14
ಅಲ್ಲೇ ಇರೋದು ಗಂಟು. ಈಗಿನ ಪಂಪು 5 ಮೀ. ಗಾಳಿಯಲ್ಲಿ ನಿಮಿಷಕ್ಕೆ 32 ಸ್ಟ್ರೋಕ್ ಹೊಡೆದರೂ ನೀರಿಗೆ ಸೇರೋದು 69 ವ್ಯಾಟ್. ಚಕ್ರ ಕೊಡಬಲ್ಲದ್ದು 159. ಅರ್ಧಕ್ಕಿಂತ ಹೆಚ್ಚು ಈಗಲೇ ಪೋಲು. ಪಿಸ್ಟನ್ ಚಿಕ್ಕದು ಮಾಡಿದರೆ ಬೇಗ ಹೊರಡುತ್ತೆ, ಗಾಳಿ ಚೆನ್ನಾಗಿರೋ ಹೊತ್ತಿನಲ್ಲಿ ಇನ್ನೂ ಹೆಚ್ಚು ಪೋಲಾಗುತ್ತೆ. ದೊಡ್ಡದು ಮಾಡಿದರೆ ಹೊರಡೋದೇ ಇಲ್ಲ. ಹೊರಡೋ ಹೊರೆಯನ್ನೂ ಓಡೋ ಹೊರೆಯನ್ನೂ ಬೇರೆ ಮಾಡಬೇಕು. ಅದಕ್ಕೆ ಎರಡು ದಾರಿ.

ಒಂದು, ಎದುರುತೂಕ. ಮೇಲ್ಗಡೆ ತಕ್ಕಡಿ ಥರ ತೊಲೆ ಇಟ್ಟು ರಾಡಿನ ಪೂರ್ತಿ ತೂಕ, ಮೇಲೆ ನೀರಿನ ಅರ್ಧ ತೂಕದಷ್ಟು ಭಾರ ಆ ಕಡೆ ಕಟ್ಟೋದು. ಇಲ್ಲಿ 608 ನ್ಯೂಟನ್, 62 ಕೆ.ಜಿ. ಆಗ ಮೇಲಕ್ಕೂ 434, ಕೆಳಕ್ಕೂ 433. ಗರಿಷ್ಠ ಟಾರ್ಕ್ 78ರಿಂದ 32.5ಕ್ಕೆ ಇಳಿಯುತ್ತೆ. ನನ್ನ ಕಂಜೂಸಿ ಗುಣಾಂಕದಲ್ಲೂ 4.1 ಮೀ. ಗಾಳಿಗೆ ಹೊರಡುತ್ತೆ.

ಎರಡು, ಪಿಸ್ಟನ್ನಿನಲ್ಲೇ ಸಣ್ಣ ತೂತು. ಯಂತ್ರ ನಿಂತಾಗ ನೀರು ತೂತಿನಿಂದ ಸೋರಿ ಪಿಸ್ಟನ್ ಮೇಲಿನ ಒತ್ತಡ ಇಳಿಯುತ್ತೆ, ಕಂಬದ ಭಾರವೆಲ್ಲ ಫುಟ್ ವಾಲ್ವ್ (ನೀರು ವಾಪಸ್ ಇಳಿಯದಂತೆ ತಳದಲ್ಲಿ ತಡೆಯೋ ಕವಾಟ) ಮೇಲೆ ಕೂರುತ್ತೆ. ಚಕ್ರ ಬರಿಗೈಯಲ್ಲಿ ಹೊರಟು ವೇಗ ಹಿಡಿಯುತ್ತೆ.

ಬೇರಿಂಗ್‌ಭಟ್ಟ · #15
ಎದುರುತೂಕದಲ್ಲಿ ಒಂದು ಕಿರಿಕಿರಿ ಇದೆ. ಮೊದಲು ಕ್ರ್ಯಾಂಕ್ ಪಿನ್ನಿಗೆ ಬಲ ಒಂದೇ ಕಡೆ ಬೀಳ್ತಿತ್ತು, ಬುಷ್ ಸವೆದರೂ ಸದ್ದಿಲ್ಲ. ಈಗ ಪ್ರತಿ ಸುತ್ತಿನಲ್ಲಿ ಎರಡು ಸಲ ಬಲದ ದಿಕ್ಕು ಬದಲು. ಅರ್ಧ ಮಿ.ಮೀ. ಸಡಿಲ ಇದ್ದರೂ ಟಕ್ ಟಕ್ ಶುರು, ಆ ಬಡಿತವೇ ಸಡಿಲವನ್ನ ಒಂದು ಮಾಡುತ್ತೆ. ಕ್ರ್ಯಾಂಕ್ ಪಿನ್ನಿಗೆ ಸೀಲ್ ಇರೋ ಬಾಲ್ ಬೇರಿಂಗ್ ಹಾಕಿ, ತೊಲೆಯ ಕೀಲಿಗೆ ಕಂಚಿನ ಬುಷ್ ಅಥವಾ ಎಣ್ಣೆಯಲ್ಲಿ ಕುದಿಸಿದ ಗಟ್ಟಿ ಮರದ ಬುಷ್.

ಮೂರೂವರೆ · #16
ತೂತಿಗೂ ಬೆಲೆ ಇದೆ. 20 ಮೀ. ಒತ್ತಡಕ್ಕೆ ತೂತಿನಿಂದ ನೀರು ಸುಮಾರು ಸೆಕೆಂಡಿಗೆ 20 ಮೀ. ವೇಗದಲ್ಲಿ ಹಾರುತ್ತೆ, ಧಾರೆ ತೂತಿಗಿಂತ ಕಿರಿದಾಗೋದರಿಂದ ಲೆಕ್ಕಕ್ಕೆ 12 ಹಿಡಿಯಿರಿ. ನಿಮಿಷಕ್ಕೆ 30 ಸ್ಟ್ರೋಕಿಗೆ ಈ ಪಂಪು ಎತ್ತೋದು ಸೆಕೆಂಡಿಗೆ 0.33 ಲೀಟರ್. ಮೇಲೇಳೋ ಹೊತ್ತಿನಲ್ಲಿ ಮಾತ್ರ ಸೋರಿಕೆ ಅಂದುಕೊಂಡರೆ 2 ಮಿ.ಮೀ. ತೂತಿಗೆ ಶೇ. 6 ನಷ್ಟ, 3ಕ್ಕೆ ಶೇ. 13, 4ಕ್ಕೆ ಶೇ. 23. ಎರಡರಿಂದ ಶುರು ಮಾಡಿ, ಹೊರಡದಿದ್ದರೆ ಎರಡೂವರೆಗೆ ಕೊರೆಯಿರಿ. ನೀರಿನಲ್ಲಿ ಮರಳಿದ್ದರೆ ತೂತು ತಾನೇ ದೊಡ್ಡದಾಗುತ್ತೆ, ಅದಕ್ಕೇ ನೇರ ಪಿಸ್ಟನ್ನಿಗೆ ಕೊರೆಯದೆ, ಬದಲಿಸಬಹುದಾದ ಸ್ಟೀಲ್ ಸ್ಕ್ರೂಗೆ ತೂತು ಕೊರೆದು ಅದನ್ನ ಪಿಸ್ಟನ್ನಿಗೆ ತಿರುಗಿಸಿ.

ಎಣ್ಣೆಕೈ · #17
ಚರ್ಮದ ಬಟ್ಟಲು ವಾಷರನ್ನ ಹಾಕೋ ಮುಂಚೆ ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸಿ. ಒಣ ವಾಷರ್ ಹಾಕಿ "ಹೊರಡ್ತಿಲ್ಲ" ಅನ್ನೋರೇ ಜಾಸ್ತಿ.

ಗಿರಿಗಿಟ್ಲೆ · #18
ಸರಿ, ಬಾಗಿಲು ಕೈಬಿಟ್ಟೆ 🙂 ಬಹುರೆಕ್ಕೆ ಚಕ್ರಕ್ಕೆ ರೆಕ್ಕೆ ಎಷ್ಟು, ಅಗಲ ಎಷ್ಟು, ಯಾವ ಕೋನದಲ್ಲಿ ಕೂರಿಸಬೇಕು? ಚಿತ್ರಗಳಲ್ಲಿ 18 ಕಾಣುತ್ತೆ.

ತಗಡುಶಾಲೆ · #19
3 ಮೀ. ವ್ಯಾಸ, ಅನುಪಾತ 1, ರೆಕ್ಕೆ 12. ಲೆಕ್ಕ ಹಾಕಿದರೆ ತುದಿಯಲ್ಲಿ ಅಗಲ 42 ಸೆಂ.ಮೀ., ಅರ್ಧ ತ್ರಿಜ್ಯದಲ್ಲಿ 41. ಅಂದರೆ ಹೆಚ್ಚುಕಡಿಮೆ ಒಂದೇ. ಇದು ಈ ಅನುಪಾತದ ದೊಡ್ಡ ಅನುಕೂಲ: ಆಯತದ ಹಾಳೆ ಕತ್ತರಿಸಿದರೆ ಸಾಕು, ಚೂರು ವ್ಯರ್ಥ ಆಗಲ್ಲ. ಉದ್ದ 1.1 ಮೀ., ನಡುಬಿಂದುವಿನಿಂದ 40 ಸೆಂ.ಮೀ. ವರೆಗೆ ಖಾಲಿ ಬಿಡಿ, ಅಲ್ಲಿ ಗಾಳಿಯೂ ಕಡಿಮೆ ಕೆಲಸವೂ ಕಡಿಮೆ.

ಹಾಳೆ 1 ಅಥವಾ 1.2 ಮಿ.ಮೀ. ದಪ್ಪದ ಜಿಂಕ್ ಲೇಪದ ತಗಡು. ಚಪ್ಪಟೆ ಬಿಡಬೇಡಿ, ಅಗಲಕ್ಕೆ ಬಿಲ್ಲಿನ ಥರ ಬಗ್ಗಿಸಿ, ಬಿಲ್ಲಿನ ಆಳ ಅಗಲದ ಶೇ. 8ರಿಂದ 10. 41 ಸೆಂ.ಮೀ. ಅಗಲಕ್ಕೆ ಮೂರೂವರೆಯಿಂದ ನಾಲ್ಕು ಸೆಂ.ಮೀ. ಉಬ್ಬು ಹಿಂದಕ್ಕೆ, ತಗ್ಗು ಗಾಳಿಯ ಕಡೆಗೆ. ತಿರುಗಿಸಿ ಹಾಕೋದು ತುಂಬಾ ಸಾಮಾನ್ಯ ತಪ್ಪು, ಯಂತ್ರ ತಿರುಗುತ್ತೆ ಆದರೆ ಅರೆಜೀವದಲ್ಲಿ.

ಕೋನ ಚಕ್ರದ ಸಮತಲದಿಂದ: ತುದಿಯಲ್ಲಿ 25-26 ಡಿಗ್ರಿ, ನಡುವೆ 37-38, ಬುಡದ ಹತ್ತಿರ 43. ಈ ತಿರುಚು ಬರಬೇಕಾದರೆ ಬುಡದ ಬ್ರಾಕೆಟ್ ಒಂದು ಕೋನ, ಹೊರಬಳೆಯ ಬ್ರಾಕೆಟ್ ಇನ್ನೊಂದು ಕೋನದಲ್ಲಿ ಮಾಡಿ, ನಡುವೆ ಹಾಳೆ ತಾನೇ ತಿರುಚಿಕೊಳ್ಳುತ್ತೆ. ಬ್ರಾಕೆಟ್ಟುಗಳನ್ನ ಒಂದೇ ಜಿಗ್‌ನಲ್ಲಿ (ಒಂದೇ ಕೋನಕ್ಕೆ ಹಿಡಿದಿಡೋ ಚೌಕಟ್ಟು) ವೆಲ್ಡ್ ಮಾಡಿ, ಒಂದೊಂದಕ್ಕೂ ಕೋನಮಾಪಕ ಹಿಡಿಯೋಕೆ ಹೋದರೆ ಹನ್ನೆರಡೂ ಹನ್ನೆರಡು ಥರ ಆಗುತ್ತೆ.

ಬಿರುಕು ಶುರುವಾಗೋದು ಯಾವಾಗಲೂ ಬೋಲ್ಟ್ ತೂತಿನಿಂದ. ತೂತು ಕೊರೆದು ಅಂಚು ಉಜ್ಜಿ, ವಾಷರಿನ ಬದಲು 3 ಮಿ.ಮೀ. ದಪ್ಪದ 5 ಸೆಂ.ಮೀ. ಚೌಕ ಪಟ್ಟಿ ಎರಡೂ ಕಡೆ ಇಡಿ.

ಮೂರೂವರೆ · #20
12 ಯಾಕೆ? 6 ಸಾಕು. ಅನುಪಾತ 2ಕ್ಕೆ ವಿನ್ಯಾಸ ಮಾಡಿದರೆ ಆರು ರೆಕ್ಕೆ, ತುದಿಯಲ್ಲಿ 30 ಸೆಂ.ಮೀ., ನಡುವೆ 42. ತಗಡು 2.4 ಚ.ಮೀ., ನಿಮ್ಮದರ ಅರ್ಧಕ್ಕಿಂತ ಕಡಿಮೆ. ಶಕ್ತಿ ಸ್ವಲ್ಪ ಜಾಸ್ತಿಯೇ ಬರುತ್ತೆ, ಯಾಕೆಂದರೆ ಹಿಂದೆ ಹೋಗೋ ಗಾಳಿಯಲ್ಲಿ ಸುಳಿ ಕಡಿಮೆ.

ತಗಡುಶಾಲೆ · #21
ಹೊರಡೋ ಟಾರ್ಕ್ ಕೂಡ ನಾಲ್ಕನೇ ಒಂದು ಪಾಲು, ಅದನ್ನ ಹೇಳಲಿಲ್ಲ. ನಿಮ್ಮದೇ ಸೂತ್ರ, 0.5 ಭಾಗಿಸು 4, ಅಂದರೆ 0.125. ಆ ಪಂಪಿಗೆ 9 ಮೀ. ಗಾಳಿ ಬೇಕು.

ಮೂರೂವರೆ · #22
ತೂತಿಲ್ಲದ, ಎದುರುತೂಕ ಇಲ್ಲದ ಪಂಪಿಗೆ. ತೂತು ಇಟ್ಟರೆ ಆ ಲೆಕ್ಕವೇ ಬದಲು. ಹಳೆಯ 18 ರೆಕ್ಕೆ ಅನ್ನೋದು ಪಂಪಿನ ಮೂರ್ಖತನವನ್ನ ತಗಡಿನಿಂದ ಮುಚ್ಚಿದ್ದು.

ಹಳೇಕ್ರ್ಯಾಂಕ್ · #23
ಇಬ್ಬರೂ ಸರಿ, ಆದರೆ ಮೊದಲ ಯಂತ್ರ ಕಟ್ಟೋರಿಗೆ 12 ಅಂತೀನಿ. ಆರು ರೆಕ್ಕೆಯ ಚಕ್ರ ಎರಡು ಪಟ್ಟು ವೇಗದಲ್ಲಿ ಓಡುತ್ತೆ, 5 ಮೀ. ಗಾಳಿಗೆ ನಿಮಿಷಕ್ಕೆ 64 ಸುತ್ತು. ನೇರ ಕ್ರ್ಯಾಂಕಿಗೆ ಕೊಟ್ಟರೆ ನಿಮಿಷಕ್ಕೆ 64 ಸ್ಟ್ರೋಕ್, ಉದ್ದ ರಾಡು ಅಷ್ಟು ಬೇಗ ಕೆಳಗಿಳಿಯಲ್ಲ, ಬಾಗುತ್ತೆ, ಪೈಪಿಗೆ ಉಜ್ಜುತ್ತೆ. 40-50ರ ಮೇಲೆ ಹೋಗಬಾರದು. ಅಂದರೆ ಗೇರ್ ಇಳಿಸಬೇಕು. ತಗಡು ಉಳಿಸಿ ಗೇರ್‌ಬಾಕ್ಸಿಗೆ ಹಾಕಿದ ಹಾಗಾಯ್ತು.

ಸುಳಿಗಾಳಿ · #24
ರೆಕ್ಕೆ ಎಣಿಸೋ ಜಗಳ ಹಳೇದು. ಇಂಗ್ಲೆಂಡಿನ ಎಂಜಿನಿಯರ್ ಸ್ಮೀಟನ್ 1759ರಲ್ಲೇ ಚಿಕ್ಕ ಮಾದರಿ ತಿರುಗಿಸಿ, ಚಕ್ರದ ವೃತ್ತವನ್ನ ಹಾಯಿಯಿಂದ ತೀರಾ ತುಂಬಿದರೆ ಕೆಲಸ ಕಡಿಮೆಯಾಗುತ್ತೆ ಅಂತ ತೋರಿಸಿದ್ದ. 1854ರಲ್ಲಿ ಅಮೆರಿಕದ ಹ್ಯಾಲಡೆ ತಾನೇ ವೇಗ ಹಿಡಿತದಲ್ಲಿಟ್ಟುಕೊಳ್ಳೋ ಮರದ ಯಂತ್ರ ಮಾಡಿದ. 1882-83ರಲ್ಲಿ ಪೆರಿ ಅನ್ನೋ ಎಂಜಿನಿಯರ್ 5,000ಕ್ಕೂ ಹೆಚ್ಚು ಪರೀಕ್ಷೆ ಮಾಡಿ, ಬಾಗಿದ ಲೋಹದ ರೆಕ್ಕೆ ಚಪ್ಪಟೆ ಮರದ ಪಟ್ಟಿಗಿಂತ ಎಷ್ಟೋ ಮೇಲು ಅಂತ ಕಂಡುಕೊಂಡ. 1888ರಲ್ಲಿ ಏರ್ಮೋಟರ್ ಹೆಸರಲ್ಲಿ ಅದು ಮಾರಾಟಕ್ಕೆ ಬಂತು. ಪೈಪೋಟಿಯ ಕಂಪನಿಗಳವರು ಅದನ್ನ ಮೊದಮೊದಲು ಗಣಿತದ ಗಾಳಿಯಂತ್ರ ಅಂತ ಕರೀತಿದ್ದರು.

ನೀರೆತ್ತು · #25
ವೇಗ ಹೆಚ್ಚಿದಾಗ ಅಗಲವಾಗಿ ಅದನ್ನ ಹಿಡಿತದಲ್ಲಿಡೋ ಗವರ್ನರ್ ಗುಂಡುಗಳನ್ನ ಉಗಿಯಂತ್ರಕ್ಕೆ ಹಾಕಿದ್ದು ಜೇಮ್ಸ್ ವಾಟ್ ತಾನೇ? ಅದನ್ನೇ ಗಾಳಿಗಿರಣಿಗೂ ಹಾಕಬಹುದಲ್ಲ.

ಸುಳಿಗಾಳಿ · #26
ಉಲ್ಟಾ! ಗಾಳಿಗಿರಣಿಯಿಂದ ಉಗಿಯಂತ್ರಕ್ಕೆ ಹೋದದ್ದು. ಗಾಳಿ ಜೋರಾದರೆ ಬೀಸುಕಲ್ಲು ವೇಗವಾಗಿ ತಿರುಗಿ ಮೇಲಿನ ಕಲ್ಲು ಎದ್ದು ಹಿಟ್ಟು ದಪ್ಪವಾಗುತ್ತೆ. ಗುಂಡುಗಳು ಅಗಲವಾದಾಗ ಕಲ್ಲನ್ನ ಕೆಳಗಿಳಿಸೋ ಏರ್ಪಾಟಿಗೆ ಇಂಗ್ಲೆಂಡಿನ ಮೀಡ್ ಅನ್ನೋನು 1787ರಲ್ಲಿ ಪೇಟೆಂಟ್ ತಗೊಂಡ. ವಾಟ್ ಉಗಿಗೆ ಹಾಕಿದ್ದು 1788ರಲ್ಲಿ.

ನಿರ್ವಾಹಕ · #27
ಇತಿಹಾಸ ಚೆನ್ನಾಗಿದೆ, ಬೇರೆ ಎಳೆ ಶುರು ಮಾಡಿ. ಬಿರುಗಾಳಿ ರಕ್ಷಣೆ ಬಗ್ಗೆ ಇನ್ನೂ ಯಾರೂ ಬರೆದಿಲ್ಲ.

ಬೇರಿಂಗ್‌ಭಟ್ಟ · #28
ಬರೀತೀನಿ. ಗಾಳಿ ಎರಡು ಪಟ್ಟಾದರೆ ಚಕ್ರದ ಮೇಲಿನ ನೂಕು ನಾಲ್ಕು ಪಟ್ಟು, ಶಕ್ತಿ ಎಂಟು ಪಟ್ಟು. 40 ಮೀ. ಗಾಳಿ 3 ಮೀ. ಚಕ್ರದ ಮುಖಕ್ಕೇ ಬಡಿದರೆ ಸುಮಾರು 6,000 ನ್ಯೂಟನ್, 600 ಕೆ.ಜಿ. ಟವರಿನ ತುದಿಯನ್ನ ಅಷ್ಟು ಬಲದಿಂದ ಹಗ್ಗ ಕಟ್ಟಿ ಎಳೆದ ಹಾಗೆ. ಆದ್ದರಿಂದ ಚಕ್ರ ಮುಖ ತಿರುಗಿಸಿ ಅಂಚು ತೋರಿಸಬೇಕು.

ಏರ್ಪಾಟು ಸರಳ. ಚಕ್ರದ ಶಾಫ್ಟನ್ನ ಟವರಿನ ನಡುಗೆರೆಯಿಂದ ಒಂದು ಪಕ್ಕಕ್ಕೆ ಸರಿಸಿ, 3 ಮೀ. ಚಕ್ರಕ್ಕೆ 12 ಸೆಂ.ಮೀ. ಸರಿಸಿದರೆ ಸಾಕು. ಬಾಲವನ್ನ ತಲೆಗೆ (ಟವರಿನ ಮೇಲೆ ತಿರುಗೋ ಭಾಗ) ಬಿಗಿಯಾಗಿ ವೆಲ್ಡ್ ಮಾಡಬೇಡಿ, ಕೀಲಿನ ಮೇಲೆ ಇಡಿ. 9 ಮೀ. ಗಾಳಿಯಲ್ಲಿ ನೂಕು 290 ನ್ಯೂಟನ್, 12 ಸೆಂ.ಮೀ. ತೋಳಿಗೆ 35 ನ್ಯೂಟನ್ ಮೀಟರ್. ಬಾಲವನ್ನ ನೆಟ್ಟಗೆ ಹಿಡಿದಿರೋ ಬಲ ಅಷ್ಟಕ್ಕೆ ಸೋಲೋ ಹಾಗೆ ಹೊಂದಿಸಿ. ಅದಕ್ಕಿಂತ ಹೆಚ್ಚಾದರೆ ಚಕ್ರ ಬಾಲದ ಕಡೆಗೆ ಮಡಿಸಿಕೊಳ್ಳುತ್ತೆ, ಗಾಳಿ ಇಳಿದರೆ ಮತ್ತೆ ತೆರೆದುಕೊಳ್ಳುತ್ತೆ.

ಆ ಹಿಡಿತಕ್ಕೆ ಸ್ಪ್ರಿಂಗ್ ಬೇಡ ಅನ್ನೋದು ನನ್ನ ಹಟ. ಸ್ಪ್ರಿಂಗ್ ತುಕ್ಕು ಹಿಡಿದು ತುಂಡಾದರೆ ಯಂತ್ರ ಸಾಧಾರಣ ಗಾಳಿಗೂ ಮುಖ ತಿರುಗಿಸಿ ನಿಲ್ಲುತ್ತೆ. ಕೀಲಿನ ಪಿನ್ನನ್ನೇ ಸ್ವಲ್ಪ ವಾಲಿಸಿ ಇಟ್ಟರೆ ಬಾಲ ಪಕ್ಕಕ್ಕೆ ಹೋಗುವಾಗ ಮೇಲಕ್ಕೂ ಏರಬೇಕಾಗುತ್ತೆ, ಅದರ ತೂಕವೇ ವಾಪಸ್ ತರುತ್ತೆ. ತೂಕಕ್ಕೆ ತುಕ್ಕು ಹಿಡಿಯಲ್ಲ.

ಕೆಡೋದು ಎಲ್ಲಿ: ಒಂದು, ತಲೆ ತಿರುಗೋ ಬೇರಿಂಗ್ ಬಿಗಿಯಾಗಿ ಗಾಳಿ ಬಂದಾಗ ಮಡಿಸಲ್ಲ. ಎರಡು, ಬಾಲದ ಎರಡೂ ಕೊನೆಗೆ ರಬ್ಬರ್ ತಡೆ ಇಲ್ಲದೆ ಬಡಿದು ಕೀಲು ಬಿರುಕು. ಮೂರು, ತೆರೆದುಕೊಳ್ಳುವಾಗ ಗಕ್ಕನೆ ತಿರುಗಿದರೆ ಬುಗುರಿಯ ಗುಣದಿಂದ ರೆಕ್ಕೆಗಳು ಒಂದು ಸಲ ಮುಂದಕ್ಕೆ ಒಂದು ಸಲ ಹಿಂದಕ್ಕೆ ಬಾಗುತ್ತವೆ. ಹೊರಬಳೆ ಇಲ್ಲದ ಚಕ್ರ ಅಲ್ಲೇ ಮುರಿಯೋದು.

ಗಿರಿಗಿಟ್ಲೆ · #29
ಗಿರಣಿಯ ವಿಷಯ? ಮೇಲಿನ ಅಡ್ಡ ಶಾಫ್ಟಿನಿಂದ ಕೆಳಕ್ಕೆ ಲಂಬ ಶಾಫ್ಟ್ ಇಳಿಸೋಕೆ ಕಾರಿನ ಹಿಂಬದಿ ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ನಡುವಿನ ಗೇರುಗಳ ಡಬ್ಬಿ) ಬಳಸಬಹುದು ಅಂತಾರೆ.

ಹಳೇಕ್ರ್ಯಾಂಕ್ · #30
ಬಳಸಬಹುದು, ಮೂರು ವಿಷಯ ಗೊತ್ತಿದ್ದರೆ. ಒಳಗಿನ ಚಿಕ್ಕ ಗೇರುಗಳನ್ನ ವೆಲ್ಡ್ ಮಾಡಿ ಬಿಗಿಯಬೇಕು, ಇಲ್ಲದಿದ್ದರೆ ರೆಕ್ಕೆಯಿಲ್ಲದ ಕಡೆಯ ಆಕ್ಸಲ್ ಸುಮ್ಮನೆ ತಿರುಗುತ್ತೆ. ಪಿನಿಯನ್ (ಲಂಬ ಶಾಫ್ಟಿಗೆ ಸೇರೋ ಚಿಕ್ಕ ಗೇರು) ಕೆಳಮುಖವಾಗಿ ನಿಲ್ಲೋದರಿಂದ ಎಣ್ಣೆಯೆಲ್ಲ ಅದರ ಸೀಲಿನ ಮೇಲೆ ಕೂತು ಸೋರುತ್ತೆ, ಮೇಲಿನ ಬೇರಿಂಗುಗಳು ಒಣಗುತ್ತವೆ. ಡಬಲ್ ಸೀಲ್ ಹಾಕಿ, ಆಕ್ಸಲ್ ಮಟ್ಟಕ್ಕಿಂತ ಸ್ವಲ್ಪ ಮೇಲಿನವರೆಗೆ ಎಣ್ಣೆ ತುಂಬಿ.

ಮೂರನೆಯದು ಯಾರೂ ಹೇಳಲ್ಲ. ಲಂಬ ಶಾಫ್ಟ್ ಕಲ್ಲನ್ನ ತಿರುಗಿಸುವಾಗ ಅದರ ಪ್ರತಿಬಲ ತಲೆಯನ್ನ ಉಲ್ಟಾ ತಿರುಗಿಸುತ್ತೆ. ಹೊರೆ ಹೆಚ್ಚಿದಷ್ಟೂ ಚಕ್ರ ಗಾಳಿಯಿಂದ ಪಕ್ಕಕ್ಕೆ ಸರಿಯುತ್ತೆ. 4ಕ್ಕೆ 1ರ ಡಿಫರೆನ್ಷಿಯಲ್ ಆದರೆ ಕೆಳಗೆ ನಾಲ್ಕು ಪಟ್ಟು ವೇಗ, ಟಾರ್ಕ್ ಕಾಲು ಭಾಗ, 48ಕ್ಕೆ 12 ನ್ಯೂಟನ್ ಮೀಟರ್. ಅಷ್ಟನ್ನ ದೊಡ್ಡ ಬಾಲ ತಡೆಯುತ್ತೆ. ಗೇರ್ ಇಲ್ಲದೆ 1ಕ್ಕೆ 1 ಇಳಿಸಿದರೆ ಪೂರ್ತಿ 48 ಬಾಲದ ಮೇಲೆ.

ಲೆಕ್ಕದವಳು · #31
ಆದರೆ 3 ಮೀ. ಚಕ್ರಕ್ಕೆ ಗಿರಣಿ ಕಟ್ಟೋದೇ ದಂಡ. 5 ಮೀ. ಗಾಳಿಗೆ 159 ವ್ಯಾಟ್. ಚಿಕ್ಕ ಹಿಟ್ಟಿನ ಕಲ್ಲಿಗೂ ಒಂದು ಕಿಲೋವ್ಯಾಟ್ ಮೇಲೆ ಬೇಕು. 6 ಮೀ. ವ್ಯಾಸ, 7 ಮೀ. ಗಾಳಿ ಆದರೆ 1,700 ವ್ಯಾಟ್ ದಾಟುತ್ತೆ. ನೀರನ್ನ ತೊಟ್ಟಿಯಲ್ಲಿ ಕೂಡಿಡಬಹುದು, ಗಾಳಿ ಇದ್ದಾಗ ಎತ್ತಿ ಇಲ್ಲದಾಗ ಬಳಸಬಹುದು. ಬೀಸೋ ಕೆಲಸ ಗಾಳಿಯ ಹೊತ್ತನ್ನ ಕಾಯಬೇಕು.

ನೀರಿನ ಅಂದಾಜಿಗೆ: ದಿನದ ಸರಾಸರಿ ಉಪಯುಕ್ತ ಶಕ್ತಿ = 0.1 × ವಿಸ್ತೀರ್ಣ × ಸರಾಸರಿ ಗಾಳಿವೇಗದ ಘನ. 4 ಮೀ.ಗೆ 45 ವ್ಯಾಟ್, 20 ಮೀ. ಎತ್ತರಕ್ಕೆ ದಿನಕ್ಕೆ 19-20 ಸಾವಿರ ಲೀಟರ್. ಪಂಪು ಚಕ್ರಕ್ಕೆ ಸರಿಹೊಂದಿದ್ದರೆ ಮಾತ್ರ.

ನೀರೆತ್ತು · #32
ಹಗ್ಗದ ಪಂಪನ್ನ ಯಾಕೆ ಮರೆತಿರಿ? ನಿಕರಾಗುವಾದಲ್ಲಿ ಗಾಳಿಯಂತ್ರಕ್ಕೆ ಅದನ್ನೇ ಹಾಕ್ತಾರೆ. ಪೈಪಿನೊಳಗೆ ಹಗ್ಗ, ಹಗ್ಗಕ್ಕೆ ಮೀಟರಿಗೊಂದು ವಾಷರ್, ಮೇಲೆ ಒಂದು ರಾಟೆ. ಸ್ಟ್ರೋಕೇ ಇಲ್ಲ, ಹೊರೆ ಸುತ್ತಿನುದ್ದಕ್ಕೂ ಒಂದೇ ಸಮ. ಪೈ ಪಟ್ಟಿನ ತಲೆನೋವೇ ಇಲ್ಲ.

ಮೂರೂವರೆ · #33
ಒಳ್ಳೆ ನೆನಪು. 20 ಮಿ.ಮೀ. ಒಳವ್ಯಾಸದ ಪೈಪು, 20 ಮೀ. ಆಳ: ಪೈಪಿನ ನೀರು 6.3 ಕೆ.ಜಿ., 62 ನ್ಯೂಟನ್. 20 ಸೆಂ.ಮೀ. ತ್ರಿಜ್ಯದ ರಾಟೆಗೆ 12 ನ್ಯೂಟನ್ ಮೀಟರ್, ಸಮಾನವಾಗಿ. ಹಗ್ಗ ಸೆಕೆಂಡಿಗೆ 1 ಮೀ. ಓಡಿದರೆ 0.3 ಲೀಟರ್ ನೀರು. ಚಕ್ರದಿಂದ ರಾಟೆಗೆ ವೇಗ ಎರಡು ಪಟ್ಟು ಮಾಡಿದರೂ 3.6 ಮೀ. ಗಾಳಿಗೇ ಹೊರಡುತ್ತೆ, ಕಂಜೂಸಿ ಗುಣಾಂಕದಲ್ಲಿ. ವಾಷರಿಗೂ ಪೈಪಿಗೂ ಸಂದು ಅರ್ಧ ಮಿ.ಮೀ. ಸಾಕು, ಬಿಗಿ ಮಾಡಿದರೆ ಉಜ್ಜಾಟ ಜಾಸ್ತಿ.

ಬೇರಿಂಗ್‌ಭಟ್ಟ · #34
ಮೇಲಿನ ಚಕ್ರದಿಂದ ಕೆಳಗಿನ ರಾಟೆಗೆ ಹಗ್ಗದಲ್ಲೇ ಓಡಿಸ್ತೀರಾದರೆ ತಲೆ ಅರ್ಧ ಸುತ್ತು ತಿರುಗಿದ ಮೇಲೆ ಎರಡೂ ಎಳೆ ಒಂದಕ್ಕೊಂದು ತಿಕ್ಕುತ್ತವೆ. ಗಾಳಿ ಒಂದೆರಡು ದಿಕ್ಕಿನಿಂದಷ್ಟೇ ಬರೋ ಜಾಗಕ್ಕೆ ಸರಿ. ಸುತ್ತಲೂ ಸುತ್ತೋ ಗಾಳಿಗೆ ಲಂಬ ಶಾಫ್ಟೇ ಗತಿ.

ಸುಳಿಗಾಳಿ · #35
ಟವರ್ ಎತ್ತರ ಕಡೆಗಣಿಸಬೇಡಿ. ಬಯಲಲ್ಲಿ 6 ಮೀ.ಯಿಂದ 12 ಮೀ.ಗೆ ಏರಿಸಿದರೆ ಗಾಳಿ ಶೇ. 10 ಜಾಸ್ತಿ, ಶಕ್ತಿ ಶೇ. 35 ಜಾಸ್ತಿ. ಮರಗಿಡ ಇರೋ ಕಡೆ ಶೇ. 60 ದಾಟಬಹುದು. ಚಕ್ರದ ಕೆಳ ಅಂಚು ಸುತ್ತಲಿನ ನೂರು ಮೀಟರಿನ ಯಾವ ಮರಕ್ಕಿಂತಲೂ ಕನಿಷ್ಠ 6 ಮೀ. ಮೇಲಿರಲಿ.

ಗಿರಿಗಿಟ್ಲೆ · #36
ಈಗ ನಿರ್ಧಾರ: 3 ಮೀ. ಚಕ್ರ, 12 ಬಾಗಿದ ರೆಕ್ಕೆ, 12 ಮೀ. ಟವರ್, ವಾಲಿದ ಕೀಲಿನ ಬಾಲ, ಪಿಸ್ಟನ್ ಪಂಪೇ ಇರಲಿ. ಎದುರುತೂಕ 62 ಕೆ.ಜಿ., ಪಿಸ್ಟನ್ನಿನಲ್ಲಿ 2 ಮಿ.ಮೀ. ತೂತಿನ ಸ್ಕ್ರೂ. ಕ್ರ್ಯಾಂಕಿನಲ್ಲಿ 50, 75, 100 ಮಿ.ಮೀ.ಗೆ ಮೂರು ತೂತು ಕೊರೆದು ಗಾಳಿಯ ಕಾಲಕ್ಕೆ ತಕ್ಕಂತೆ ಸ್ಟ್ರೋಕ್ ಬದಲಿಸೋದು. ಗಿರಣಿ ಸದ್ಯಕ್ಕಿಲ್ಲ. ಏನಾದರೂ ಬಿಟ್ಟೆನಾ?

ತಗಡುಶಾಲೆ · #37
ಚಕ್ರ ಮೇಲೇರಿಸೋ ಮುಂಚೆ ನೆಲದಲ್ಲೇ ಸಮತೋಲ ನೋಡಿ. ಶಾಫ್ಟನ್ನ ಅಡ್ಡಕ್ಕೆ ಎರಡು ಬೇರಿಂಗ್ ಮೇಲಿಟ್ಟು ಬಿಡಿ, ಯಾವ ರೆಕ್ಕೆ ಮತ್ತೆ ಮತ್ತೆ ಕೆಳಗೆ ಬಂದು ನಿಲ್ಲುತ್ತೋ ಅದರ ಎದುರಿನದಕ್ಕೆ ಬೋಲ್ಟು ವಾಷರು ಸೇರಿಸಿ. ಎಲ್ಲಿ ನಿಲ್ಲಿಸಿದರೆ ಅಲ್ಲೇ ನಿಂತರೆ ಸರಿ.

ಮೂರೂವರೆ · #38
ಎದುರುತೂಕ ಮತ್ತು ತೂತು ಎರಡನ್ನೂ ಒಟ್ಟಿಗೆ ಹಾಕಬೇಡಿ. ತೂತಿನಿಂದ ಒತ್ತಡ ಇಳಿದ ಮೇಲೆ ಎದುರುತೂಕವೇ ಹೊರೆಯಾಗುತ್ತೆ, ಹೊರಡುವಾಗ ಕ್ರ್ಯಾಂಕು ಅದನ್ನ ಎತ್ತಬೇಕು. ತೂತು ಇಟ್ಟರೆ ಎದುರುತೂಕ ರಾಡಿನಷ್ಟು, 18 ಕೆ.ಜಿ. ಮಾತ್ರ.

ಹಳೇಕ್ರ್ಯಾಂಕ್ · #39
ಹೌದು, ಅದು ನಾನೇ ಹೇಳಬೇಕಿತ್ತು.

ಎಣ್ಣೆಕೈ · #40
ರಾಡಿಗೆ ಸ್ವಿವೆಲ್ (ಒಂದು ತುದಿ ತಿರುಗಿದರೂ ಇನ್ನೊಂದನ್ನ ತಿರುಗಿಸದ ಕೊಂಡಿ) ಹಾಕಿದ್ದೀರಾ? ತಲೆ ಗಾಳಿಗೆ ತಕ್ಕಂತೆ ಸುತ್ತುತ್ತೆ, ರಾಡು ಸುತ್ತಬಾರದು. ಸ್ವಿವೆಲ್ ಇಲ್ಲದಿದ್ದರೆ ತಲೆಯ ಪ್ರತಿ ಸುತ್ತಿಗೆ ರಾಡಿನ ಜೋಡಣೆಯ ತಿರುಪು ಒಂದೊಂದು ಸುತ್ತು ಬಿಚ್ಚಿಕೊಳ್ಳುತ್ತೆ, ಕೊನೆಗೊಂದು ದಿನ ಪಿಸ್ಟನ್ ಕೆಳಗೇ ಉಳಿದು ಚಕ್ರ ಬರಿದೇ ಗಿರ್ರನೆ ತಿರುಗುತ್ತಿರುತ್ತೆ. ಪ್ರತಿ ಜೋಡಣೆಗೂ ಲಾಕ್ ನಟ್ ಇರಲಿ. ಕೈಯಿಂದ ಬಾಲ ಮಡಿಸೋ ವೈರಿಗೂ ಒಂದು ಸ್ವಿವೆಲ್.